ದರೋಡೆಕೋರ ನೊಣದ ಗುರುತು: ಫೋಟೋ ಎಷ್ಟು ಹೇಳೀತು?

ಚಿಕ್ಕೋಡಿ ತಾಲ್ಲೂಕಿನ ಅಂಕಲಿಯ ಹೆಸರು ಪಂಢರಪುರದ ವಾರಕರಿಗಳಿಗೆ ಚಿರಪರಿಚಿತ. ಸಂತ ಜ್ಞಾನೇಶ್ವರರ ಪಾಲಕಿಯೊಂದಿಗೆ ನಡೆಯುವ ಕುದುರೆಗಳು ಈ ಊರಿನ ಶಿತೋಳೆ ಸರಕಾರ ಮನೆತನದವು. ಪ್ರತಿವರ್ಷ ಜ್ಯೇಷ್ಠ ಮಾಸದಲ್ಲಿ ಅವು ಇಲ್ಲಿಂದ ಹೊರಟು ಕಾಲ್ನಡಿಗೆಯಲ್ಲಿ ಆಳಂದಿ ಸೇರುತ್ತವೆ. ಕುದುರೆ, ಎಮ್ಮೆ, ಎತ್ತು ಇದ್ದಲ್ಲಿ ಅವುಗಳ ರಕ್ತ ಹೀರುವ ಕುದುರೆ ನೊಣವೂ ಇರುತ್ತದೆ. ಬಾಲ ಬೀಸಿದರೂ ತಲೆ ಕೊಡವಿದರೂ ಬಿಡದೆ ಕಾಡುವ ಈ ನೊಣವನ್ನು ದನ ಕಟ್ಟಿದ ಯಾರಿಗೂ ಪರಿಚಯಿಸಬೇಕಿಲ್ಲ.

ಆದರೆ ಕೃಷ್ಣಾ ಬಯಲಿನ ಕಬ್ಬಿನ ಗದ್ದೆಗಳ ಬದುವಿನ ಮೇಲೆ, ಬೇಲಿಯ ಒಣ ಕಡ್ಡಿಯ ತುದಿಯಲ್ಲಿ, ಬಿಸಿಲು ಏರಿದ ಹೊತ್ತಿನಲ್ಲಿ ಇನ್ನೊಂದು ದೊಡ್ಡ ನೊಣ ಕುಳಿತಿರುತ್ತದೆ. ಇದಕ್ಕೂ ಚೂಪಾದ ಸೊಂಡಿಲಿದೆ, ಇದೂ ಜೋರಾಗಿ ಗುಂಯ್‌ಗುಟ್ಟುತ್ತದೆ. ಆದರೆ ಇದು ದನದ ತಂಟೆಗೆ ಹೋಗುವುದಿಲ್ಲ. ಹಾರಿಹೋಗುವ ಬೇರೊಂದು ಹುಳುವನ್ನು ಕಂಡರೆ ಬಾಣದಂತೆ ಚಿಮ್ಮಿ, ಗಾಳಿಯಲ್ಲೇ ಅದನ್ನು ಹಿಡಿದು, ಮತ್ತೆ ಅದೇ ಕಡ್ಡಿಗೆ ಮರಳುತ್ತದೆ. ಇದೇ ರಾಬರ್ ಫ್ಲೈ. ಕನ್ನಡದಲ್ಲಿ ದರೋಡೆಕೋರ ನೊಣ ಎನ್ನಬಹುದು.

ಎರಡು ನೊಣಗಳನ್ನು ಒಂದೇ ಎಂದು ತಿಳಿಯುವುದು ಸುಲಭ. ಹಾಗೆ ತಿಳಿದವರಲ್ಲಿ ನಾವು ಮೊದಲಿಗರೂ ಅಲ್ಲ. ದರೋಡೆಕೋರ ನೊಣಗಳ ಕುಟುಂಬಕ್ಕೆ ವಿಜ್ಞಾನ ಇಟ್ಟಿರುವ ಹೆಸರು ‘ಅಸಿಲಿಡೆ’. ಇದರ ಮೂಲ ‘ಅಸಿಲಸ್’ ಎಂಬ ಲ್ಯಾಟಿನ್ ಪದ. ಪ್ರಾಚೀನ ರೋಮನ್ನರು ಈ ಪದವನ್ನು ಬಳಸುತ್ತಿದ್ದುದು ದನಗಳನ್ನು ಕಚ್ಚಿ ಕಂಗೆಡಿಸುವ ನೊಣಕ್ಕೆ. ಕವಿ ವರ್ಜಿಲನೂ ಅದನ್ನು ಅದೇ ಅರ್ಥದಲ್ಲಿ ಬಳಸಿದ್ದಾನೆ. 1758ರಲ್ಲಿ ಸ್ವೀಡನ್ನಿನ ಕಾರ್ಲ್ ಲಿನೇಯಸ್ ಜೀವಿಗಳಿಗೆಲ್ಲ ಎರಡು ಪದದ ಹೆಸರಿಡುವ ಪದ್ಧತಿಯನ್ನು ಪ್ರಾಣಿಗಳಿಗೂ ವಿಸ್ತರಿಸಿದಾಗ ಆ ಪದ ಬೇಟೆಗಾರ ನೊಣದ ಪಾಲಾಯಿತು. 1802ರಲ್ಲಿ ಫ್ರಾನ್ಸಿನ ಲಾತ್ರೇಯ್ ಅದನ್ನೇ ಕುಟುಂಬದ ಹೆಸರಾಗಿಸಿದ. ಹೀಗೆ ದನ ಕಚ್ಚುವವನ ಹೆಸರು ದನ ಕಚ್ಚದವನಿಗೆ ಶಾಶ್ವತವಾಗಿ ಅಂಟಿಕೊಂಡಿತು.

ಇಂದು ಹಳ್ಳಿಹಳ್ಳಿಯಲ್ಲೂ ಮೊಬೈಲ್ ಕ್ಯಾಮೆರಾ ಇದೆ. ಹೊಲದಲ್ಲಿ ಕಂಡ ಹುಳುವಿನ ಫೋಟೋ ತೆಗೆದು ‘ಇದು ಯಾವುದು?’ ಎಂದು ಕೇಳುವುದು ನಿತ್ಯದ ಮಾತಾಗಿದೆ. ಉತ್ತರ ಕೂಡ ಕ್ಷಣದಲ್ಲಿ ಸಿಗುತ್ತದೆ. ಆ ಉತ್ತರವನ್ನು ಎಷ್ಟರ ಮಟ್ಟಿಗೆ ನಂಬಬಹುದು? ಒಂದು ಚಿತ್ರ ನೋಡಿ ನೊಣದ ಹೆಸರು ಹೇಳಲು ಬರುತ್ತದೆಯೇ? ಈ ಪ್ರಶ್ನೆಯ ಹಿಂದೆ ಇನ್ನೂರೈವತ್ತು ವರ್ಷಗಳ ಕಥೆಯೇ ಇದೆ.

ತರಂಗಂಬಾಡಿಯಿಂದ ಕೋಪನ್‌ಹೇಗನ್‌ಗೆ

ದಕ್ಷಿಣ ಭಾರತದ ಕೀಟಗಳು ವಿಜ್ಞಾನದ ಪುಸ್ತಕ ಸೇರಿದ್ದು ಬಹುಮಟ್ಟಿಗೆ ತಮಿಳು ಕರಾವಳಿಯ ತರಂಗಂಬಾಡಿಯ ಮೂಲಕ. ಡೆನ್ಮಾರ್ಕಿನವರು ಟ್ರಾಂಕ್ವೆಬಾರ್ ಎಂದು ಕರೆಯುತ್ತಿದ್ದ ಈ ಊರು 1620ರಿಂದ 1845ರವರೆಗೆ ಅವರ ವಸಾಹತು. ಲಿನೇಯಸ್‌ನ ಶಿಷ್ಯನಾಗಿದ್ದ ವೈದ್ಯ ಯೋಹಾನ್ ಗೆರ್ಹಾರ್ಡ್ ಕೊಯೆನಿಗ್ 1768ರಲ್ಲಿ ಇಲ್ಲಿಗೆ ಬಂದು, 1785ರಲ್ಲಿ ತೀರಿಕೊಳ್ಳುವವರೆಗೂ ಸಸ್ಯ, ಕೀಟಗಳನ್ನು ಸಂಗ್ರಹಿಸಿ ಯುರೋಪಿಗೆ ಕಳುಹಿಸುತ್ತಿದ್ದ. ಅನಂತರ ಡಾಲ್‌ಡಾರ್ಫ್ ಎಂಬ ಸೇನಾಧಿಕಾರಿ ಆ ಕೆಲಸ ಮುಂದುವರಿಸಿದ.

ಈ ಕೀಟಗಳಿಗೆ ಹೆಸರಿಟ್ಟವನು ಲಿನೇಯಸ್‌ನ ಇನ್ನೊಬ್ಬ ಶಿಷ್ಯ, ಡೆನ್ಮಾರ್ಕಿನ ಯೋಹಾನ್ ಕ್ರಿಶ್ಚಿಯನ್ ಫ್ಯಾಬ್ರಿಶಿಯಸ್. ಗುರು ಕೀಟಗಳನ್ನು ರೆಕ್ಕೆ ನೋಡಿ ವಿಂಗಡಿಸಿದರೆ ಶಿಷ್ಯ ಬಾಯಿ ನೋಡಿ ವಿಂಗಡಿಸಿದ. ಯಾವ ಹುಳು ಏನನ್ನು ತಿನ್ನುತ್ತದೆ, ಅದಕ್ಕೆ ತಕ್ಕಂತೆ ಅದರ ಬಾಯಿಯ ಭಾಗಗಳು ಹೇಗಿವೆ ಎಂಬುದೇ ಅವನ ವಿಧಾನದ ಅಡಿಪಾಯ. ಇಂದು ‘ಪ್ರೊಮ್ಯಾಕಸ್ ಮ್ಯಾಕುಲೇಟಸ್’ ಎಂದು ಕರೆಯಲಾಗುವ ದರೋಡೆಕೋರ ನೊಣಕ್ಕೆ 1775ರಲ್ಲಿ ‘ಅಸಿಲಸ್ ಮ್ಯಾಕುಲೇಟಸ್’ ಎಂಬ ಮೊದಲ ಹೆಸರು ಕೊಟ್ಟವನು ಅವನೇ. ‘ಮ್ಯಾಕುಲೇಟಸ್’ ಎಂದರೆ ಚುಕ್ಕೆಗಳುಳ್ಳದ್ದು ಎಂದರ್ಥ.

ಆಗಿನ ವರ್ಣನೆಗಳು ಲ್ಯಾಟಿನ್‌ನಲ್ಲಿ ಒಂದೆರಡು ಸಾಲು ಮಾತ್ರ. ದೇಹದ ಬಣ್ಣ, ರೆಕ್ಕೆಯ ಬಣ್ಣ, ಕಾಲಿನ ಬಣ್ಣ, ಅಷ್ಟೇ. ಅಷ್ಟು ಸಾಲದು ಎಂಬುದು ಬೇಗನೆ ಗೊತ್ತಾಯಿತು. ಅದೇ ಒಂದೆರಡು ಸಾಲಿಗೆ ಹೊಂದುವ ಹತ್ತಾರು ಬಗೆಯ ನೊಣಗಳು ಮುಂದೆ ಸಿಕ್ಕವು. ಆಗ ಯಾವುದು ನಿಜವಾದ ‘ಮ್ಯಾಕುಲೇಟಸ್’? ಇದಕ್ಕೆ ಉತ್ತರ ಪುಸ್ತಕದಲ್ಲಿಲ್ಲ. ಮೊದಲು ಹೆಸರಿಟ್ಟವನು ಕೈಯಲ್ಲಿ ಹಿಡಿದು ನೋಡಿದ ಆ ನೊಣದಲ್ಲೇ ಇದೆ. ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿಟ್ಟ ಅಂಥ ಮೂಲ ಮಾದರಿಗೆ ‘ಟೈಪ್’ ಎನ್ನುತ್ತಾರೆ. ಭೂಮಿ ಅಳತೆಯಲ್ಲಿ ಗಡಿಕಲ್ಲು ಇದ್ದ ಹಾಗೆ, ಹೆಸರಿನ ತಂಟೆ ಬಂದಾಗ ಕೊನೆಗೆ ಹೋಗಿ ನೋಡಬೇಕಾದ್ದು ಇದನ್ನೇ. ಫ್ಯಾಬ್ರಿಶಿಯಸ್‌ನ ಸಂಗ್ರಹದ ಕೀಟಗಳು ಕೋಪನ್‌ಹೇಗನ್ನಿನ ವಸ್ತುಸಂಗ್ರಹಾಲಯದಲ್ಲಿ ಉಳಿದಿವೆ.

ಆತುರದ ಹೆಸರುಗಳು

ಹೆಸರಿಡುವ ಆತುರ ಎಂಥ ತೊಡಕು ತರಬಲ್ಲುದು ಎಂಬುದಕ್ಕೆ ಇಂಗ್ಲೆಂಡಿನ ಫ್ರಾನ್ಸಿಸ್ ವಾಕರ್ ಉದಾಹರಣೆ. 19ನೇ ಶತಮಾನದ ನಡುವೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ವಸಾಹತುಗಳಿಂದ ಪೆಟ್ಟಿಗೆ ಪೆಟ್ಟಿಗೆ ಕೀಟಗಳು ಬಂದು ಬೀಳುತ್ತಿದ್ದವು. ವಾಕರ್ ಅವುಗಳಿಗೆ ಸಾವಿರ ಸಾವಿರ ಸಂಖ್ಯೆಯಲ್ಲಿ ಹೆಸರಿಟ್ಟ. ಒಂದೇ ಕೀಟಕ್ಕೆ ಎರಡು ಮೂರು ಹೆಸರು ಬಿದ್ದದ್ದೂ ಉಂಟು. 1874ರಲ್ಲಿ ಆತ ತೀರಿಕೊಂಡಾಗ ಕೀಟಶಾಸ್ತ್ರದ ಪತ್ರಿಕೆಯೊಂದು, ಶ್ರದ್ಧಾಂಜಲಿಯಲ್ಲಿಯೇ, ಆತನಿಂದ ಶಾಸ್ತ್ರಕ್ಕೆ ಊಹೆಗೂ ಮೀರಿದ ಹಾನಿಯಾಯಿತೆಂದು ನಿಷ್ಠುರವಾಗಿ ಬರೆಯಿತು.

ಆದರೂ ಆತ 1849ರಲ್ಲಿ ಇಟ್ಟ ಒಂದು ಹೆಸರು ನಮ್ಮ ಕಥೆಗೆ ಮುಖ್ಯ. ಅದು ‘ಕ್ಸೈಲೊಕೋಪಿಫಾರ್ಮಿಸ್’. ಕ್ಸೈಲೊಕೋಪ ಎಂದರೆ ಮನೆಯ ಜಂತೆ, ಬಿದಿರು ಕೊರೆದು ಗೂಡು ಮಾಡುವ ಕರಿ ದುಂಬಿ. ಅದರ ಆಕಾರದ ನೊಣ ಎಂದು ಹೆಸರಿನ ಅರ್ಥ. ‘ಹೈಪರೇಕಿಯ’ ಎಂಬ ಕುಲಕ್ಕೆ ಸೇರಿದ ಈ ದರೋಡೆಕೋರ ನೊಣ ಭಾರತದ್ದೇ. ಕಪ್ಪು ಮೈ, ಕಪ್ಪು ರೆಕ್ಕೆ, ರೋಮ ತುಂಬಿದ ಕಾಲುಗಳಿಂದಾಗಿ ಮೊದಲ ನೋಟಕ್ಕೆ ಇದು ದುಂಬಿಯೇ. ಆಕ್ಸ್‌ಫರ್ಡಿನ ಎಡ್ವರ್ಡ್ ಪೋಲ್ಟನ್ 1924ರಲ್ಲಿ ಈ ಕುಲದ ಮರಿಹುಳುಗಳಿಗೂ ಕರಿ ದುಂಬಿಯ ಮರಿಗಳಿಗೂ ಇರುವ ನಂಟನ್ನು ಕುರಿತು ಪ್ರಬಂಧ ಬರೆದರು. ದುಂಬಿ ಕೊರೆದ ಬಿಲದೊಳಗೇ ಬೆಳೆಯುವ ಈ ನೊಣದ ಮರಿ, ದುಂಬಿಯ ಮರಿಯನ್ನೇ ತಿನ್ನುತ್ತದೆ. ವೇಷ ಹಾಕಿದ ಕಳ್ಳ ಮನೆಯೊಳಗೇ ಬಿಡಾರ ಮಾಡಿದಂತೆ!

ಭಾರತದ ನೊಣಗಳನ್ನು ಒಂದೆಡೆ ಕ್ರಮವಾಗಿ ಬರೆಯುವ ಕೆಲಸ ಕೈಗೆತ್ತಿಕೊಂಡವರು ಕಲ್ಕತ್ತದಲ್ಲಿ ನೆಲೆಸಿದ್ದ ಎನ್ರಿಕೊ ಬ್ರುನೆಟ್ಟಿ. ಅವರು ವೃತ್ತಿಯಿಂದ ಸಂಗೀತಗಾರರು ಎಂದರೆ ಓದುಗರಿಗೆ ಸೋಜಿಗವೆನಿಸಬಹುದು. ಬ್ರಿಟಿಷ್ ಭಾರತದ ಪ್ರಾಣಿಸಂಪತ್ತನ್ನು ಕುರಿತ ಪ್ರಸಿದ್ಧ ಗ್ರಂಥಮಾಲೆಯಲ್ಲಿ ಅವರ ಮೂರು ಸಂಪುಟಗಳು 1912, 1920 ಮತ್ತು 1923ರಲ್ಲಿ ಬಂದವು. ಆದರೆ ಆ ಮೂರರಲ್ಲೂ ದರೋಡೆಕೋರ ನೊಣಗಳ ಕುಟುಂಬ ಸೇರಲಿಲ್ಲ. ಗರ್ಟ್ರೂಡ್ ರಿಕಾರ್ಡೊ ಎಂಬ ಇಂಗ್ಲಿಷ್ ವಿದುಷಿ, ಆಮೇಲೆ ಅಮೆರಿಕದ ಸ್ಟ್ಯಾನ್ಲಿ ಬ್ರಾಮ್ಲಿ ಬಿಡಿ ಬಿಡಿಯಾಗಿ ಲೇಖನಗಳನ್ನು ಬರೆದರು. 1962ರಲ್ಲಿ ಫ್ರಾಂಕ್ ಹಲ್ ಜಗತ್ತಿನ ದರೋಡೆಕೋರ ನೊಣಗಳ ಕುಲಗಳನ್ನೆಲ್ಲ 900ಕ್ಕೂ ಹೆಚ್ಚು ಪುಟಗಳ ಗ್ರಂಥದಲ್ಲಿ ವಿವರಿಸಿದರು. ಭಾರತದ ನೊಣಗಳಿಗೇ ಮೀಸಲಾದ ಸಂಪುಟ ಬರಲು ಸ್ವಾತಂತ್ರ್ಯ ಬಂದು ಐವತ್ತು ವರ್ಷ ಕಳೆಯಬೇಕಾಯಿತು. ಭಾರತೀಯ ಪ್ರಾಣಿ ಸರ್ವೇಕ್ಷಣ ಇಲಾಖೆಯ ಎ.ಎನ್.ಟಿ. ಜೋಸೆಫ್ ಮತ್ತು ಪಿ. ಪರೂಯಿ ಅವರ ಮೊದಲ ಭಾಗ 1998ರಲ್ಲಿ ಕಲ್ಕತ್ತದಿಂದ ಪ್ರಕಟವಾಯಿತು.

ಜಗತ್ತಿನಲ್ಲಿ ಇಂದು ಗುರುತಿಸಲಾಗಿರುವ ದರೋಡೆಕೋರ ನೊಣಗಳ ಪ್ರಭೇದಗಳು 7,000ಕ್ಕೂ ಹೆಚ್ಚು. ಭಾರತದಲ್ಲೇ ಸುಮಾರು 500 ಇವೆ. ಮೊಬೈಲಿನ ಒಂದು ಚಿತ್ರ ನೋಡಿ ಹೆಸರು ಹೇಳುವವರು ಇಷ್ಟರೊಳಗಿಂದ ಒಂದನ್ನು ಆರಿಸಬೇಕು.

ಚಿತ್ರದಲ್ಲಿ ಏನು ನೋಡಬೇಕು?

ಕೆಲಸ ಕಷ್ಟವಾದರೂ ಮೊದಲ ಹೆಜ್ಜೆ ಸುಲಭ. ಇದು ದರೋಡೆಕೋರ ನೊಣವೇ ಅಲ್ಲವೇ ಎಂಬುದನ್ನು ಒಳ್ಳೆಯ ಫೋಟೋ ಒಂದರಿಂದಲೇ ಹೇಳಬಹುದು. ಮೊದಲು ರೆಕ್ಕೆ ಎಣಿಸಬೇಕು. ಜೇನು, ಕಣಜ, ದುಂಬಿಗಳಿಗೆ ನಾಲ್ಕು ರೆಕ್ಕೆ, ನೊಣಕ್ಕೆ ಎರಡೇ. ನೊಣದ ಹಿಂದಿನ ಜೋಡಿ ರೆಕ್ಕೆ ಕಿರಿದಾಗಿ ಗುಂಡು ತಲೆಯ ಪುಟ್ಟ ಕಡ್ಡಿಗಳಾಗಿರುತ್ತದೆ. ಆಮೇಲೆ ತಲೆಯನ್ನು ಎದುರಿನಿಂದ ನೋಡಬೇಕು. ಎರಡು ದೊಡ್ಡ ಕಣ್ಣುಗಳ ನಡುವೆ ನೆತ್ತಿ ತಗ್ಗಾಗಿ, ಬಟ್ಟಲಿನಂತೆ ಒಳಗಿಳಿದಿದ್ದರೆ ಅದು ಬಹುತೇಕ ಈ ಕುಟುಂಬದ್ದೇ. ಕುದುರೆ ನೊಣದಲ್ಲಿ ಈ ತಗ್ಗು ಇರುವುದಿಲ್ಲ.

ಮೂರನೆಯ ಗುರುತು ಮುಖದ ಮೇಲಿನ ಬಿರುಸಾದ ಕೂದಲ ಗೊಂಚಲು. ಇದಕ್ಕೆ ‘ಮಿಸ್ಟಾಕ್ಸ್’ ಎಂಬ ಗ್ರೀಕ್ ಹೆಸರಿದೆ. ಮೀಸೆ ಎಂದೇ ಅದರ ಅರ್ಥ. ಹಿಡಿದ ಬೇಟೆ ಒದ್ದಾಡುವಾಗ ಮುಖಕ್ಕೆ ಪೆಟ್ಟಾಗದಂತೆ ಈ ಮೀಸೆ ಕಾಯುತ್ತದೆ ಎನ್ನುತ್ತಾರೆ. ಮೀಸೆಯ ಕೆಳಗೆ ಗಟ್ಟಿಯಾದ ಚೂಪು ಸೊಂಡಿಲು ಇರುತ್ತದೆ. ನೊಣ ಅದನ್ನು ಬೇಟೆಯ ಮೈಗೆ ಚುಚ್ಚಿ ವಿಷಭರಿತ ಜೊಲ್ಲನ್ನು ಬಿಡುತ್ತದೆ. ಬೇಟೆಯ ಮೈ ಮರಗಟ್ಟಿ, ಒಳಭಾಗ ಕರಗಿ ದ್ರವವಾಗುತ್ತದೆ. ನೊಣ ಅದನ್ನು ಹೀರುತ್ತದೆ. ಮುಳ್ಳುಮುಳ್ಳಾದ ಬಲವಾದ ಕಾಲುಗಳು ಬೇಟೆಯನ್ನು ಬುಟ್ಟಿಯಂತೆ ತಬ್ಬಿಹಿಡಿಯುತ್ತವೆ.

ಎರಡನೆಯ ಹೆಜ್ಜೆ ಕುಲವನ್ನು ಗುರುತಿಸುವುದು. ಇಲ್ಲಿ ಫೋಟೋ ಅರ್ಧ ದಾರಿಯವರೆಗೆ ಬರುತ್ತದೆ. ನದಿಯ ಮರಳಿನ ಮೇಲೆ ಕೂತ ಚಿಕ್ಕ ಬೂದು ನೊಣವಾದರೆ ‘ಸ್ಟಿಕೊಪೋಗನ್’ ಇರಬಹುದು. ಸೊಂಟ ದಾರದಷ್ಟು ತೆಳ್ಳಗಿದ್ದರೆ ‘ಲೆಪ್ಟೊಗ್ಯಾಸ್ಟರ್’ ಗುಂಪನ್ನು ನೆನೆಯಬೇಕು. ಮೀಸೆಯ ಮೇಲಿನ ಕುಡಿಮೀಸೆ ಹಕ್ಕಿಯ ಗರಿಯಂತೆ ಕವಲೊಡೆದಿದ್ದರೆ ‘ಒಮ್ಮೇಷಿಯಸ್’ ಆಗಿರಬಹುದು. ‘ಪ್ರೊಮ್ಯಾಕಸ್’ ನೊಣವನ್ನು ಗುರುತಿಸಲು ರೆಕ್ಕೆಯ ತುದಿಯ ಹತ್ತಿರ ನರಗಳ ನಡುವಿನ ಒಂದು ಬಗೆಯ ಕೋಣೆಗಳನ್ನು ಎಣಿಸಬೇಕು. ಬೇರೆ ಎಷ್ಟೋ ನೊಣಗಳಿಗೆ ಎರಡಿದ್ದರೆ ಇದಕ್ಕೆ ಮೂರು. ಆದರೆ ಕುಳಿತ ನೊಣ ರೆಕ್ಕೆಗಳನ್ನು ಬೆನ್ನಿನ ಮೇಲೆ ಒಂದರ ಮೇಲೊಂದು ಮಡಿಸಿರುತ್ತದೆ. ಪಕ್ಕದಿಂದ ತೆಗೆದ ಚಿತ್ರದಲ್ಲಿ ಈ ಕೋಣೆಗಳು ಕಾಣುವುದೇ ಇಲ್ಲ. ಆದ್ದರಿಂದಲೇ ತಿಳಿದವರು ಒಂದು ಫೋಟೋ ಸಾಲದು, ಎದುರಿನಿಂದ, ಪಕ್ಕದಿಂದ, ಮೇಲಿನಿಂದ ಮತ್ತು ಹೊಟ್ಟೆಯ ತುದಿಯದು ಎಂದು ಕನಿಷ್ಠ ನಾಲ್ಕು ಬೇಕು ಎನ್ನುತ್ತಾರೆ.

ಮೂರನೆಯ ಹೆಜ್ಜೆಯಲ್ಲಿ, ಅಂದರೆ ಪ್ರಭೇದದ ಹೆಸರು ಹೇಳುವಲ್ಲಿ, ಫೋಟೋ ಬಹಳಷ್ಟು ಸಲ ಕೈಚೆಲ್ಲುತ್ತದೆ. ಒಂದೇ ಕುಲದ ಎರಡು ನೊಣಗಳ ನಡುವಿನ ವ್ಯತ್ಯಾಸ ಹೆಚ್ಚಾಗಿ ಗಂಡು ನೊಣದ ಹೊಟ್ಟೆಯ ತುದಿಯಲ್ಲಿರುವ ಜನನಾಂಗದ ರಚನೆಯಲ್ಲಿರುತ್ತದೆ. ಅದನ್ನು ಬಿಡಿಸಿ ಸೂಕ್ಷ್ಮದರ್ಶಕದ ಕೆಳಗೆ ನೋಡಿ, ಹಳೆಯ ಟೈಪ್ ಮಾದರಿಯ ವರ್ಣನೆಯೊಂದಿಗೆ ಹೋಲಿಸಬೇಕು. ಕ್ಯಾಮೆರಾ ಎಷ್ಟೇ ಬೆಲೆಯದಾದರೂ ಒಳಗೆ ಮುಚ್ಚಿಕೊಂಡಿದ್ದನ್ನು ತೋರಿಸಲಾರದು.

ಫೋಟೋ ಮಾತ್ರ ಸಾಕೇ? ಒಂದು ಜಗಳ

ಈ ಮಿತಿ 2015ರಲ್ಲಿ ಜಗತ್ತಿನ ಕೀಟತಜ್ಞರ ನಡುವೆ ದೊಡ್ಡ ವಿವಾದಕ್ಕೆ ಕಾರಣವಾಯಿತು. ಸ್ಟೀಫನ್ ಮಾರ್ಷಲ್ ಮತ್ತು ನೀಲ್ ಎವೆನ್‌ಹ್ಯೂಯಿಸ್ ಎಂಬ ಇಬ್ಬರು ಹೆಸರಾಂತ ನೊಣತಜ್ಞರು ದಕ್ಷಿಣ ಆಫ್ರಿಕದ ಹೊಸ ನೊಣವೊಂದಕ್ಕೆ ‘ಮಾರ್ಲಿಮಿಯ ಕ್ಸೈಲೊಕೋಪೆ’ ಎಂದು ಹೆಸರಿಟ್ಟರು. ಅದು ದರೋಡೆಕೋರ ನೊಣಕ್ಕೆ ನೆಂಟನಾದ ಜೇನುನೊಣ ಎಂಬ ಕುಟುಂಬದ್ದು. ವಾಕರ್ ಹೆಸರಿಸಿದ ನಮ್ಮ ನೊಣದಂತೆ ಇದೂ ಕರಿ ದುಂಬಿಯ ವೇಷ ಹಾಕುವಂಥದು. ಆದರೆ ಅವರ ಬಳಿ ಸೂಜಿಗೆ ಚುಚ್ಚಿದ ನೊಣ ಇರಲಿಲ್ಲ. ಇದ್ದದ್ದು ಫೋಟೋಗಳು ಮಾತ್ರ.

ಕೊಲ್ಲದೆಯೇ ಹೆಸರಿಡಬಹುದಾದರೆ ಯಾಕಾಗಬಾರದು ಎಂಬುದು ಅವರ ವಾದ. ಇದಕ್ಕೆ ಪ್ರತಿಯಾಗಿ 2016ರಲ್ಲಿ 493 ವರ್ಗೀಕರಣ ತಜ್ಞರು ಸಹಿ ಹಾಕಿದ ಲೇಖನವೊಂದು ಪ್ರಕಟವಾಯಿತು. ಮಾದರಿಯಿಲ್ಲದ ಹೆಸರಿಗೆ ಬುಡವಿಲ್ಲ, ನಾಳೆ ಅನುಮಾನ ಬಂದರೆ ಯಾವುದನ್ನು ಪರೀಕ್ಷಿಸಬೇಕು ಎಂಬುದು ಅವರ ಪ್ರಶ್ನೆ. ಪ್ರಾಣಿಗಳ ಹೆಸರಿನ ನಿಯಮಗಳನ್ನು ಕಾಯುವ ಅಂತರರಾಷ್ಟ್ರೀಯ ಆಯೋಗ 2017ರಲ್ಲಿ ತನ್ನ ನಿಲುವು ತಿಳಿಸಿತು. ಅದು ಫೋಟೋ ಆಧಾರದ ಹೆಸರನ್ನು ನಿಷೇಧಿಸಲಿಲ್ಲ. ಆದರೆ ಮಾದರಿಯನ್ನು ಕಾಪಿಡದೆ ಹೆಸರಿಡುವವರು ಅದಕ್ಕೆ ತಕ್ಕ ಕಾರಣ ಕೊಡಬೇಕೆಂಬ ಸಲಹೆಗಳನ್ನು ಸೇರಿಸಿತು.

ಕನ್ನಡದ ಓದುಗರಿಗೆ ಈ ಸಂದಿಗ್ಧ ತೀರ ಹೊಸದೇನಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯಲ್ಲಿ ಹಾರುವ ಓತಿಯನ್ನು ಅರಸಿ ಕಾಡಿಗೆ ಹೋದವರಿಗೆ ಅದು ಕಣ್ಣಿಗೆ ಬೀಳುತ್ತದೆ, ಆದರೆ ಕೈಗೆ ಸಿಗದೆ ತೇಲಿಹೋಗುತ್ತದೆ. ಕಂಡದ್ದಕ್ಕೂ ಕೈಗೆ ಸಿಕ್ಕಿದ್ದಕ್ಕೂ ಇರುವ ಅಂತರವೇ ಇಲ್ಲಿನ ಪ್ರಶ್ನೆಯೂ ಹೌದು.

ಹಾಗೆಂದು ಫೋಟೋ ನಿಷ್ಪ್ರಯೋಜಕ ಎಂದು ಯಾರೂ ತಿಳಿಯಬೇಕಿಲ್ಲ. ಸೂಜಿಗೆ ಚುಚ್ಚಿದ ನೊಣ ಹೇಳದ ಎಷ್ಟೋ ಸಂಗತಿಗಳನ್ನು ಫೋಟೋ ಹೇಳುತ್ತದೆ. ಬದುಕಿರುವಾಗ ಹಸಿರಾಗಿ ಹೊಳೆಯುವ ಕಣ್ಣು ಸತ್ತ ಮೇಲೆ ಕಂದಿಹೋಗುತ್ತದೆ. ನೊಣ ಎಲ್ಲಿ ಕುಳಿತಿತ್ತು, ಯಾವ ತಿಂಗಳು, ಯಾವ ಹೊತ್ತು, ಮುಖ್ಯವಾಗಿ ಅದರ ಕಾಲುಗಳಲ್ಲಿ ಯಾವ ಬೇಟೆ ಸಿಕ್ಕಿತ್ತು ಎಂಬುದು ಫೋಟೋದಲ್ಲಿ ದಾಖಲಾಗುತ್ತದೆ. ಅಮೆರಿಕದ ಆರು ಮಿಲಿಮೀಟರ್ ಉದ್ದದ ಒಂದು ದರೋಡೆಕೋರ ನೊಣ ಅರ್ಧ ಮೀಟರ್ ದೂರದಲ್ಲಿ ಹಾರುವ ಬೇಟೆಯನ್ನು ಕಂಡು ಅಡ್ಡಗಟ್ಟುವ ಬಗೆಯನ್ನು ಕೇಂಬ್ರಿಜ್‌ನ ವಿಜ್ಞಾನಿಗಳು 2017ರಲ್ಲಿ ವಿವರಿಸಿದ್ದು ವೇಗದ ಕ್ಯಾಮೆರಾಗಳ ನೆರವಿನಿಂದಲೇ.

ಹೆಸರಿನಿಂದ ರೈತನಿಗೇನು?

ಹೆಸರು ತಪ್ಪಿದರೆ ಆಗುವ ನಷ್ಟವೇನು ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರ ಮತ್ತೆ ಅಂಕಲಿಯ ಸುತ್ತಿನ ಕಬ್ಬಿನ ಹೊಲದಲ್ಲೇ ಇದೆ. ಕೃಷ್ಣಾ ಬಯಲಿನ ಕಬ್ಬಿಗೆ ಗೊಣ್ಣೆ ಹುಳುವಿನ ಕಾಟ ದೊಡ್ಡದು. ಗಡಿಯಾಚೆಯ ಮರಾಠಿಯಲ್ಲಿ ಇದನ್ನೇ ಹುಮಣಿ ಎನ್ನುತ್ತಾರೆ. ಮಳೆಗಾಲ ಆರಂಭವಾಗುತ್ತಿದ್ದಂತೆ ದುಂಬಿಗಳು ಮಣ್ಣಿನಿಂದ ಹೊರಬಂದು ಮೊಟ್ಟೆಯಿಡುತ್ತವೆ; ಬಿಳಿಯ ಮರಿಹುಳುಗಳು ತಿಂಗಳುಗಟ್ಟಲೆ ಮಣ್ಣಿನೊಳಗೇ ಇದ್ದು ಕಬ್ಬಿನ ಬೇರು ತಿನ್ನುತ್ತವೆ. ಮೇಲೆ ಗರಿ ಹಳದಿಯಾಗಿ, ಕಬ್ಬು ಒಣಗಿ, ಎಳೆದರೆ ಕೈಗೆ ಬರುವ ಹೊತ್ತಿಗೆ ಕಾಲ ಮೀರಿರುತ್ತದೆ.

ದರೋಡೆಕೋರ ನೊಣದ ಮರಿಹುಳುಗಳ ವಾಸವೂ ಮಣ್ಣಿನಲ್ಲಿ ಅಥವಾ ಕೊಳೆತ ಮರದಲ್ಲಿ; ಅವುಗಳ ಆಹಾರ ಇತರ ಹುಳುಗಳು. ಅರ್ಜೆಂಟೀನಾದಲ್ಲಿ ‘ಮ್ಯಾಲೊಫೋರ ರೂಫಿಕಾಡ’ ಎಂಬ ದರೋಡೆಕೋರ ನೊಣವನ್ನು ವಿಜ್ಞಾನಿಗಳು ಬಹಳ ಕಾಲ ಅಭ್ಯಾಸ ಮಾಡಿದ್ದಾರೆ. ಹೆಣ್ಣು ನೊಣ ಎತ್ತರದ ಗಿಡದ ಮೇಲೆ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಮರಿಗಳು ಗಾಳಿಯಲ್ಲಿ ಹಾರಿ ನೆಲಕ್ಕೆ ಬಿದ್ದು, ಮಣ್ಣು ಹೊಕ್ಕು, ವಾಸನೆ ಹಿಡಿದು ಗೊಣ್ಣೆ ಹುಳುಗಳನ್ನು ಹುಡುಕಿ ಅವುಗಳ ಮೇಲೆ ಬೆಳೆಯುತ್ತವೆ. ರೈತನಿಗೆ ಇದಕ್ಕಿಂತ ಒಳ್ಳೆಯ ಕೂಲಿಯಾಳು ಬೇಕೆ? ಆದರೆ ಅದೇ ನೊಣ ದೊಡ್ಡದಾದ ಮೇಲೆ ಜೇನನ್ನು ಹಿಡಿದು ತಿನ್ನುತ್ತದೆ. ಅಲ್ಲಿಯ ಜೇನು ಸಾಕುವವರಿಗೆ ಅದು ಬದ್ಧವೈರಿ. ಒಂದೇ ನೊಣ, ಒಂದೇ ಆಯುಷ್ಯದಲ್ಲಿ, ಒಬ್ಬನಿಗೆ ಮಿತ್ರ, ಇನ್ನೊಬ್ಬನಿಗೆ ಶತ್ರು.

ಒಂದು ಪ್ರಭೇದದ ಈ ಗುಣ ಇನ್ನೊಂದಕ್ಕೂ ಇದ್ದೇ ಇರುತ್ತದೆ ಎನ್ನುವಂತಿಲ್ಲ. ಯಾವ ನೊಣದ ಮರಿ ಏನು ತಿನ್ನುತ್ತದೆ ಎಂಬ ತಿಳಿವಳಿಕೆ ಅದರ ಹೆಸರಿನ ಕೆಳಗೆ ಬರೆದಿಟ್ಟ ಖಾತೆಯಂತೆ. ಹೆಸರು ತಪ್ಪಿದರೆ ಒಬ್ಬರ ಖಾತೆಯ ಲೆಕ್ಕ ಇನ್ನೊಬ್ಬರ ಖಾತೆಗೆ ಬೀಳುತ್ತದೆ. ದನ ಕಚ್ಚುವ ನೊಣವೆಂದು ತಿಳಿದು ಬದುವಿನ ಮೇಲಿನ ಬೇಟೆಗಾರನಿಗೆ ಔಷಧ ಹೊಡೆದರೆ ದನಕ್ಕೆ ನೆಮ್ಮದಿಯೂ ಇಲ್ಲ, ಹೊಲದ ಕೀಟಗಳನ್ನು ತಿನ್ನುತ್ತಿದ್ದ ಕಾವಲುಗಾರನೂ ಇಲ್ಲ.

ಆದ್ದರಿಂದ ಫೋಟೋ ತೆಗೆಯುವವರು ಎರಡು ಮಾತು ನೆನಪಿಡುವುದು ಒಳ್ಳೆಯದು. ಒಂದು, ಒಂದೇ ಚಿತ್ರಕ್ಕೆ ತೃಪ್ತರಾಗದೆ ಮುಖ, ಪಕ್ಕ, ರೆಕ್ಕೆ, ಹೊಟ್ಟೆಯ ತುದಿ ಎಲ್ಲವನ್ನೂ ತೆಗೆದು, ಊರು, ದಿನಾಂಕ, ಕುಳಿತ ಜಾಗ, ಕೈಯಲ್ಲಿದ್ದ ಬೇಟೆ ಬರೆದಿಡಬೇಕು. ಎರಡು, ಚಿತ್ರ ಎಲ್ಲಿಯವರೆಗೆ ಹೇಳುತ್ತದೋ ಅಲ್ಲಿಗೆ ನಿಲ್ಲಬೇಕು. ‘ಪ್ರೊಮ್ಯಾಕಸ್ ಕುಲದ್ದು, ಪ್ರಭೇದ ಹೇಳಲಾಗದು’ ಎಂಬ ಉತ್ತರ ಕೇಳಿದವರಿಗೆ ಸಪ್ಪೆಯೆನಿಸಬಹುದು. ಆದರೆ ವಾಕರನ ಆತುರದ ಹೆಸರುಗಳನ್ನು ತಿದ್ದಲು ಮುಂದಿನವರು ಪಟ್ಟ ಪಾಡನ್ನು ನೆನೆದರೆ, ಆ ಅರ್ಧ ಉತ್ತರ ತಪ್ಪು ಹೆಸರಿಗಿಂತ ಎಷ್ಟೋ ಮೇಲು.

ಬರುವ ಜ್ಯೇಷ್ಠದಲ್ಲಿ ಅಂಕಲಿಯ ಕುದುರೆಗಳು ಆಳಂದಿಯ ದಾರಿ ಹಿಡಿಯುವ ಹೊತ್ತಿಗೆ ಬೇಲಿಯ ಒಣ ಕಡ್ಡಿಯ ಮೇಲೆ ಮೀಸೆಯ ನೊಣವೊಂದು ಕುಳಿತಿದ್ದೀತು. ಅದನ್ನು ಕಂಡವರು ಹೊಡೆಯಲು ಕೈಯೆತ್ತುವ ಮುನ್ನ ನೆತ್ತಿಯ ತಗ್ಗನ್ನೊಮ್ಮೆ ನೋಡಲಿ. ಅದು ಕುದುರೆಯ ರಕ್ತಕ್ಕಾಗಿ ಬಂದದ್ದಲ್ಲ.